ಸರ್ಕಾರದ ಗುಂಡುತೋಪು ಪಂಚಾಯ್ತಿ ಪಾರ್ಕ್ ಆಗಿದ್ದು ಹೇಗೆ – ನನ್ನ ಅನುಭವ

ನಮ್ಮೂರ ಗುಂಡುತೋಪನ್ನ, ಅಂದ್ರೆ ಹಳೇ ಮರಗಳಿರೋ ಸರ್ಕಾರಿ ತೋಪನ್ನ, ಪಂಚಾಯ್ತಿಯಿಂದ ಪಾರ್ಕ್ ಮಾಡ್ತೀವಿ ಅಂದಾಗ, ಜಾಗ ಸರ್ಕಾರದ್ದು, ಖರ್ಚು ಪಂಚಾಯ್ತಿದು, ಇದೆಲ್ಲ ಒಂದ್ ವರ್ಷ ನಡೆದ್ರೆ ಹೆಚ್ಚು ಅಂತ ತಾಲ್ಲೂಕು ಮೀಟಿಂಗಲ್ಲಿ ನನ್ನ ಮುಖಕ್ಕೇ ಹೇಳಿದ್ರು. ಅದಾಗಿ ನಾಲ್ಕು ವರ್ಷದ ಹತ್ರ ಆಯ್ತು, ವಾಚ್‌ಮನ್ ಸಂಬಳ ಒಂದ್ ತಿಂಗಳೂ ನಿಂತಿಲ್ಲ, ಸಂಜೆ ಹೊತ್ತು ತೋಪಲ್ಲಿ ಜನ ಇರ್ತಾರೆ. ತುಮಕೂರು ಜಿಲ್ಲೆಲಿ ಬೇರೆ ಪಂಚಾಯ್ತಿಯೋರು ಕೇಳ್ತಾನೇ ಇದಾರೆ, ಅದಕ್ಕೇ ಬರೀತಿದೀನಿ.

ಪಹಣಿಲಿ (ಜಮೀನಿನ ಸರ್ಕಾರಿ ದಾಖಲೆ) ಸರ್ಕಾರಿ ಗುಂಡುತೋಪು ಅಂತಿರೋ ಎಂಟು ಎಕರೆ ಚಿಲ್ಲರೆ. ಹಳೇ ಹುಣಸೆ ಮರ ಇಪ್ಪತ್ತರ ಮೇಲೆ, ಒಂದಷ್ಟು ಮಾವು, ಹೊಂಗೆ, ಹಿಪ್ಪೆ, ಮಿಕ್ಕಿದ್ದೆಲ್ಲ ಲಂಟಾನ ಕಳೆಪೊದೆ. 2020ರ ಡಿಸೆಂಬರ್ ಎಲೆಕ್ಷನ್ನಲ್ಲಿ ಗೆದ್ದು ಅಧ್ಯಕ್ಷ ಆದ್ಮೇಲೆ ಇದನ್ನ ಪಾರ್ಕ್ ಮಾಡೋಣ ಅಂದ್ರೆ ಮೊದಲು ಬಂದ ಮಾತೇ ಆಡಿಟ್. ಪಂಚಾಯ್ತಿ ಆಸ್ತಿ ರಿಜಿಸ್ಟರಲ್ಲಿ ಇಲ್ದಿರೋ ಜಾಗಕ್ಕೆ ದುಡ್ಡು ಹಾಕಿದ್ರೆ ಅಬ್ಜೆಕ್ಷನ್ ಬೀಳುತ್ತೆ, ಅಧ್ಯಕ್ಷರ ಮೇಲೆ ವಸೂಲಿ ಬರುತ್ತೆ ಅಂತ ಹೆದರಿಸಿದ್ರು. ಅದು ಸುಳ್ಳೂ ಅಲ್ಲ. ನಮಗಿಂತ ಮುಂಚೆ ಇದೇ ತೋಪಲ್ಲಿ ವನಮಹೋತ್ಸವ ಮಾಡಿ ಗಿಡ ನೆಟ್ಟಿದ್ರು, ಫೋಟೋ ತೆಗೆಸ್ಕೊಂಡು ಹೋದ್ರು, ಬೇಸಿಗೆಗೆ ಎಲ್ಲಾ ಒಣಗಿತು. ನೀರು ಹಾಕೋದು ಯಾರ ಕೆಲಸ ಅಂತ ಕಾಗದದಲ್ಲೇ ಇರ್ಲಿಲ್ಲ.

ಹಂಗಾಗಿ ನಾನು ಗುಂಡಿ ತೆಗೆಸೋಕೆ ಮುಂಚೆ ಒಪ್ಪಂದ ಹಿಡ್ಕೊಂಡೆ. ಕಂದಾಯ ಇಲಾಖೆ, ಅರಣ್ಯ ಇಲಾಖೆಯ ಸಾಮಾಜಿಕ ಅರಣ್ಯ ವಿಭಾಗ, ಪಂಚಾಯ್ತಿ, ಮೂರೂ ಕಡೆ ಸಹಿ. ಒಡೆತನ ಸರ್ಕಾರದ್ದೇ, ನಾವು ಅದನ್ನ ಕೇಳ್ಳೇ ಇಲ್ಲ, ಕೇಳಿದ್ದಿದ್ರೆ ಫೈಲ್ ಇವತ್ತಿಗೂ ಎದ್ದೇಳ್ತಿರ್ಲಿಲ್ಲ. ಗಿಡ ಅರಣ್ಯದೋರು ಕೊಡೋದು, ಬಿದ್ದ ಮರದ ನಾಟಾ (ದಿಮ್ಮಿ) ಅವರ ಡಿಪೋಗೆ, ನಿರ್ವಹಣೆ ಪಂಚಾಯ್ತಿದು. ನಾನು ಹಠ ಹಿಡಿದಿದ್ದು ಎರಡೇ ಎರಡು ಷರತ್ತಿಗೆ. ಒಂದು, ಹುಣಸೆ, ಮಾವು, ಹೊಂಗೆ ಬೀಜದ ಹರಾಜಿನ ದುಡ್ಡು ಬೇರೆ ಬ್ಯಾಂಕ್ ಖಾತೆಗೆ ಬೀಳ್ಬೇಕು, ತೋಪಿಗೆ ಬಿಟ್ಟು ಚರಂಡಿಗೂ ಬಳಸಂಗಿಲ್ಲ. ಎರಡು, ಅವಧಿ ಹತ್ತು ವರ್ಷ. ಅಧ್ಯಕ್ಷರ ಅವಧಿ 30 ತಿಂಗಳು ಅಷ್ಟೇ, ಮುಂದೆ ಬರೋರು ಕೈಬಿಟ್ರೂ ಕಾಗದ ಬಿಡಬಾರ್ದು. ಒಂದು ಆಫೀಸಲ್ಲಿ ಈ ಫೈಲ್ ತಿಂಗಳುಗಟ್ಲೆ ಮಲಗಿತ್ತು. ಕೊನೆಗೆ ಹೇಗೆ ಎಬ್ಬಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಆದ್ರೆ ಒಂದ್ ರೂಪಾಯಿ ಲಂಚ ಕೊಟ್ಟಿಲ್ಲ.

ಹದ್ದುಬಸ್ತು, ಅಂದ್ರೆ ಗಡಿ ಅಳತೆ, ಮಾಡಿಸಿದಾಗ ಒಂದೂಕಾಲು ಎಕರೆ ಹತ್ರ ಒತ್ತುವರಿ ಸಿಕ್ತು. ಅಳತೆ ದಿನ ಗಲಾಟೆ ಆಯ್ತು, ಕಲ್ಲು ಕಿತ್ತಾಕಿದ್ರು. ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಜಗಪಾಲ್ ಸಿಂಗ್ ಕೇಸಲ್ಲಿ ಹೇಳಿದೆ, ಅದರ ಪ್ರತಿ ಇಟ್ಕೊಂಡು ಗ್ರಾಮಸಭೆಲಿ ಜೋರಾಗಿ ಓದಿದೆ. ಒತ್ತುವರಿ ಬಿಡಿಸೋ ಕಂದಾಯ ಕಾಯ್ದೆ 104ನೇ ಕಲಂ ನೋಟಿಸ್ ಹೋಗೋ ಮುಂಚೇನೇ ಇಬ್ಬರು ಬಿಟ್ರು, ಮೂರನೆಯೋರು ರಾಗಿ ಕೊಯ್ಲು ಆಗ್ಲಿ ಅಂದ್ರು, ಆಗ್ಲಿ ಅಂತ ಕಾದ್ವಿ.

ಬೇಲಿಗೆ ಬನ್ನಿ. ಚೈನ್‌ಲಿಂಕ್‌ಗೆ ಎಂಟು ಲಕ್ಷದ ಹತ್ರ ಎಸ್ಟಿಮೇಟ್ ಬಂತು, ನರೇಗಾದಲ್ಲಿ (ಉದ್ಯೋಗ ಖಾತ್ರಿ) ಕೂಲಿಗೆ 60, ಸಾಮಾನಿಗೆ 40 ಅನ್ನೋ ಲೆಕ್ಕಕ್ಕೆ ಆ ಮೆಟೀರಿಯಲ್ ಕೂರ್ತಿರ್ಲಿಲ್ಲ. ಸುತ್ತ ದನ ದಾಟದಂಗೆ ಟ್ರೆಂಚ್ ಹೊಡೆಸಿ ಬದುವಿನ ಮೇಲೆ ಕತ್ತಾಳೆ ಹಾಕಿಸಿದೆ. ಆಗ ಕೂಲಿ 309 ರೂಪಾಯಿ, ಒಟ್ಟು ಎರಡೂವರೆ ಲಕ್ಷದೊಳಗೆ ಮುಗೀತು, ಬಹುಪಾಲು ಊರಿನ ಹೆಂಗಸರ ಅಕೌಂಟಿಗೇ ಹೋಯ್ತು. ಕತ್ತಾಳೆ ಯಾರೂ ಕದಿಯಲ್ಲ.

ಮೊದಲ ಸಲ ಅರಣ್ಯದೋರು 5x8 ಇಂಚು ಬ್ಯಾಗಿನ ಸಣ್ಣ ಗಿಡ ಆರ್ನೂರೋ ಏಳ್ನೂರೋ ಕೊಟ್ರು. 2023ರಲ್ಲಿ ಮಳೆ ಕೈಕೊಡ್ತು, ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆದ ವರ್ಷ. ಟ್ಯಾಂಕರ್ ಒಂದ್ ಲೋಡಿಗೆ ಆರೇಳುನೂರು, ಎಷ್ಟಂತ ಹೊಡೆಸೋದು, ಮುಕ್ಕಾಲು ಪಾಲು ಹೋಯ್ತು. ಆಗ ನಕ್ಕವರು ಬಹಳ ಜನ. ಮುಂದಿನ ವರ್ಷ ಸಂಖ್ಯೆ ಕಮ್ಮಿ ಆದ್ರೂ ಪರವಾಗಿಲ್ಲ, 10x16 ಬ್ಯಾಗಿನ ಎತ್ತರದ ಗಿಡಾನೇ ಕೊಡಿ ಅಂತ ಪಟ್ಟು ಹಿಡಿದು ಇನ್ನೂರು ಚಿಲ್ಲರೆ ಹಾಕಿದ್ವಿ, ಸತ್ತಿದ್ದು ಹದಿನೈದಿಪ್ಪತ್ತು ಇರ್ಬೋದು.

ಮಧ್ಯ ಮಡಿಕೆ ನೀರಾವರಿನೂ ನೋಡಿದೆ. ಮಡಿಕೆ ಗಿಡದ ಬುಡಕ್ಕೆ ಕತ್ತಿನ ತನಕ ಹೂತು ನೀರು ತುಂಬಿಸೋದು. ಮೊದಮೊದಲು ಚೆನ್ನಾಗಿ ಜಿನುಗ್ತಿತ್ತು, ನಮ್ಮ ಬೋರ್ ನೀರು ಗಡಸು, ಬರಬರ್ತಾ ಹೊರಮೈಗೆ ಬಿಳೀ ಉಪ್ಪು ಕಟ್ಟಿ ರಂಧ್ರ ಮುಚ್ಚೋಯ್ತು, ತುಂಬಿಸಿದ ನೀರು ಹಂಗೇ ನಿಂತಿರೋದು. ಕೆರೆ ನೀರು ಇರೋರು ಮಾಡಿ ನೋಡಿ. ಆಲದ ಟೊಂಗೆ ನೆಟ್ಟಿದ್ದು ಮಾತ್ರ ಭರ್ಜರಿ, ತೋಳು ಗಾತ್ರದ ಎಂಟಡಿ ಟೊಂಗೆ, ತುದಿಗೆ ಸಗಣಿ ಮೆತ್ತಿ ನೆಟ್ಟಿದ್ದು, ಹತ್ತಕ್ಕೆ ಎಂಟು ಚಿಗುರಿದಾವೆ. ಯಾವ ಮಳೆಗೆ ನೆಟ್ಟೆ, ಬುಡಕ್ಕೆ ಏನ್ ಹಾಕ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಈಗ ದುಡ್ಡು. ಹುಣಸೆ ಹರಾಜು ಮೊದಲೆಲ್ಲ ಆರೇಳು ಸಾವಿರಕ್ಕೆ ಒಬ್ಬರಿಗೇ ಹೋಗ್ತಿತ್ತು, ಇಡೀ ತೋಪು ಒಂದೇ ಲಾಟ್, ಬೇರೆಯೋರು ಕೂಗ್ತಾನೇ ಇರ್ಲಿಲ್ಲ. ನಾನು ಮರಕ್ಕೊಂದು ನಂಬರ್ ಬಳಿಸಿ ನಾಲ್ಕೈದು ಮರಕ್ಕೆ ಒಂದು ಲಾಟ್ ಮಾಡಿದೆ, ಠೇವಣಿ ಇಳಿಸಿದೆ, ಹರಾಜನ್ನ ಆಫೀಸಿಂದ ಮರದ ಬುಡಕ್ಕೇ ತಂದೆ. ಕಾಯಿ ಕಣ್ಣೆದುರಿಗೇ ತೂಗಾಡ್ತಿರುತ್ತೆ, ಕಮ್ಮಿ ಕೂಗೋಕೆ ಬಾಯೇ ಬರಲ್ಲ. ಸ್ವಸಹಾಯ ಸಂಘದ ಹೆಂಗಸರು ಎರಡು ಲಾಟ್ ಹಿಡಿದ್ರು, ಅವರೇ ಕುಟ್ಟಿ ಬೀಜ ತೆಗೆದು ಮಾರಿದ್ರು. ಆ ವರ್ಷ ನಲವತ್ತು ಸಾವಿರ ದಾಟ್ತು, ಮಾವು, ಹೊಂಗೆ ಬೀಜ ಸೇರಿ ಐವತ್ತೈದರ ಆಸುಪಾಸು. ವಾಚ್‌ಮನ್‌ಗೆ ತಿಂಗಳಿಗೆ ಆರು ಸಾವಿರ, ಕಮ್ಮಿ ಬಿದ್ದಿದ್ದನ್ನ ಪಂಚಾಯ್ತಿ ಸ್ವಂತ ಆದಾಯದಿಂದ ತುಂಬಿದ್ವಿ. ಒಪ್ಪಂದದ ಪ್ರತಿ ಫೈಲಲ್ಲಿತ್ತು, ಆಡಿಟರ್ ನೋಡಿದ್ರು, ಅಬ್ಜೆಕ್ಷನ್ ಬರೀಲಿಲ್ಲ. ನನ್ನ ಅವಧಿ ಮುಗಿದು ಬೇರೆಯೋರು ಅಧ್ಯಕ್ಷರಾದ್ಮೇಲೂ ಆ ಖಾತೆ ಹಂಗೇ ನಡೀತು. ಒಂದ್ಸಲ ಬೀದಿದೀಪದ ಬಿಲ್‌ಗೆ ಅದರಿಂದ ತೆಗೆಯೋಣ ಅಂತ ಮಾತು ಬಂದಾಗ ಪಿಡಿಒನೇ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಷರತ್ತು ತೋರಿಸಿ ಬೇಡ ಅಂದ್ರು.

ಕೆರೆ ಕಡೆ ಎಕರೆಯಷ್ಟು ಲಂಟಾನ ಇನ್ನೂ ಇದೆ. ಜೆಸಿಬಿ ಬಿಟ್ರೆ ಹಿಪ್ಪೆ ಬೇರು ಕಿತ್ತೋಗುತ್ತೆ ಅಂತ ಆಳು ಹಿಡಿದು ಬುಡ ಕಡಿಸ್ತಿದೀವಿ, ಮುಂಗಾರಿಗೆ ಮುಂಚೆ ಮುಗಿಸಿ ಅಲ್ಲಿ ನೇರಳೆ ಹಾಕಿಸ್ಬೇಕು.