ಬಾಡಿದ ರಾಗಿ ಚೇತರಿಸಿಕೊಳ್ಳುವ ದಿನ: ಪ್ರೋಲೀನ್ ಒಡೆಯುವ ಕಿಣ್ವವನ್ನು ಅರಿಯುವ ಬಗೆ

ಗುಬ್ಬಿ, ಕುಣಿಗಲ್ ಕಡೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ರಾಗಿ ಪೈರಿನ ಗರಿಗಳು ಮಧ್ಯಾಹ್ನಕ್ಕೆ ಮುಂಚೆಯೇ ಸುರುಳಿ ಸುತ್ತಿಕೊಳ್ಳುತ್ತವೆ. ಹದವಾದ ಒಂದು ಮಳೆ ಬಿದ್ದ ಮರುದಿನ ಅದೇ ಪೈರು ಗರಿ ಬಿಚ್ಚಿ ನಿಲ್ಲುತ್ತದೆ. ಬಾಡುವಾಗ ಎಲೆಯಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಶೇಖರವಾಗುವುದು 1954ರಷ್ಟು ಹಿಂದೆಯೇ, ಕತ್ತರಿಸಿ ಬಾಡಿಸಿದ ರೈ ಹುಲ್ಲಿನಲ್ಲಿ, ಗೊತ್ತಾದ ಸಂಗತಿ. ಆದರೆ ಮಳೆಯ ಮರುದಿನ ಆ ದಾಸ್ತಾನು ಎಲ್ಲಿ ಹೋಯಿತು ಎಂದು ಕೇಳುವ ವಿದ್ಯಾರ್ಥಿಗಳು ಕಡಿಮೆ. ತುಮಕೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಹೆಚ್ಚಿನ ಖರ್ಚಿಲ್ಲದೆ, ಕುಂಡದ ರಾಗಿಯನ್ನು ಇಟ್ಟುಕೊಂಡೇ ಆ ಪ್ರಶ್ನೆಯ ಬೆನ್ನು ಹತ್ತುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಕಿಣ್ವದ ಪರಿಚಯ ಬೇಕು. ಪ್ರೋಲೀನ್ ತಯಾರಾಗುವುದು ಮುಖ್ಯವಾಗಿ ಕೋಶದ್ರವದಲ್ಲಿ ಮತ್ತು ಹರಿತ್ತಿನ ಕಣಗಳಲ್ಲಿ, ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ. ಅದು ಒಡೆಯುವುದು ಕೋಶದ ಉಸಿರಾಟ ನಡೆಯುವ ಮೈಟೊಕಾಂಡ್ರಿಯದಲ್ಲಿ. ಅಲ್ಲಿ ಒಳಪೊರೆಗೆ ಅಂಟಿಕೊಂಡಿರುವ ಪ್ರೋಲೀನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಪ್ರೋಲೀನಿನಿಂದ ಎರಡು ಎಲೆಕ್ಟ್ರಾನುಗಳನ್ನು ಕಿತ್ತು, ತನ್ನಲ್ಲಿರುವ ಎಫ್‌ಎಡಿ ಎಂಬ ಸಹಾಯಕ ಅಣುವಿನ ಮೂಲಕ ಉಸಿರಾಟದ ಸರಪಳಿಗೆ ದಾಟಿಸುತ್ತದೆ. ಉಳಿದ ಪಿ5ಸಿ ಎಂಬ ಮಧ್ಯವರ್ತಿಯನ್ನು ಎರಡನೆಯ ಕಿಣ್ವವೊಂದು ಗ್ಲುಟಮೇಟ್ ಆಗಿ ಪರಿವರ್ತಿಸುತ್ತದೆ. ಒಂದು ಪ್ರೋಲೀನ್ ಅಣು ಪೂರ್ತಿ ಉರಿದರೆ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 30 ದೊರೆಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬರಗಾಲಕ್ಕೆ ಕೂಡಿಟ್ಟದ್ದು ಮಳೆ ಬಂದ ಮೇಲೆ ಹೊಸ ಗರಿ ಚಿಗುರಿಸುವ ಕೂಲಿಯಾಗುತ್ತದೆ ಎನ್ನಬಹುದು.

ಕೂಡಿಡುವಾಗಲೇ ಉರಿಸಿದರೆ ಕೂಡಿಟ್ಟದ್ದೆಲ್ಲ ವ್ಯರ್ಥ. ಆದ್ದರಿಂದ ಸಸ್ಯವು ನೀರಿನ ಕೊರತೆಯಾದಾಗ ಈ ಕಿಣ್ವದ ವಂಶವಾಹಿಯನ್ನು ಅಡಗಿಸುತ್ತದೆ, ನೀರು ಸಿಕ್ಕ ಕೆಲವೇ ಗಂಟೆಗಳಲ್ಲಿ ಎಬ್ಬಿಸುತ್ತದೆ. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಗಿಡದಲ್ಲಿ ಇದನ್ನು 1996ರಲ್ಲಿ ತೋರಿಸಲಾಯಿತು. ಪ್ರೋಲೀನ್ ತಾನೇ ಆ ವಂಶವಾಹಿಯನ್ನು ಪ್ರಚೋದಿಸುತ್ತದೆ; ಬೆಳಕು ಅದನ್ನು ತಗ್ಗಿಸುತ್ತದೆ, ಕತ್ತಲೆ ಹೆಚ್ಚಿಸುತ್ತದೆ. ಕಡೆಯ ಈ ಮಾತನ್ನು ಮರೆತವರ ಪ್ರಯೋಗ ದಾರಿ ತಪ್ಪುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಒಂದೇ ಗಾತ್ರದ ಕುಂಡಗಳಿಗೆ ಒಂದೇ ಹೊಲದ ಮಣ್ಣನ್ನು ಜರಡಿ ಹಿಡಿದು ತುಂಬಿ, ಒಂದೇ ತಳಿಯ ರಾಗಿಯನ್ನು ಬಿತ್ತಬೇಕು. ಪೈರಿಗೆ ಸುಮಾರು 30 ದಿನವಾದಾಗ ಮೂರು ಗುಂಪು ಮಾಡಿ, ಒಂದಕ್ಕೆ ನಿತ್ಯ ನೀರು ಹಾಕುತ್ತ, ಉಳಿದೆರಡಕ್ಕೆ ನಿಲ್ಲಿಸಬೇಕು. ಗರಿಗಳು ಬೆಳಿಗ್ಗೆ 10 ಗಂಟೆಗೇ ಸುರುಳಿಯಾಗಿ ಸಂಜೆಗೂ ಪೂರ್ತಿ ಬಿಚ್ಚದಿರುವ ಹಂತ ಬಂದ ದಿನ, ಬಾಡಿದ ಎರಡು ಗುಂಪುಗಳಲ್ಲಿ ಒಂದಕ್ಕೆ ಮಾತ್ರ ನೀರುಣಿಸಬೇಕು. ಇನ್ನೂ ಕಾಯ್ದರೆ ಕೆಳಗಿನ ಗರಿಗಳು ಸಾಯುತ್ತವೆ, ಸತ್ತ ಎಲೆ ಯಾವ ಕಿಣ್ವದ ಕಥೆಯನ್ನೂ ಹೇಳುವುದಿಲ್ಲ. ನೀರುಣಿಸುವ ಕ್ಷಣಕ್ಕೆ ಮೊದಲು, ಆಮೇಲೆ 6, 24 ಮತ್ತು 48 ಗಂಟೆಗಳಿಗೆ ಮೂರೂ ಗುಂಪುಗಳಿಂದ ಒಟ್ಟಿಗೆ ಎಲೆ ತೆಗೆಯಬೇಕು. ಬೆಳಿಗ್ಗೆಯ ಎಲೆಗೂ ಸಂಜೆಯ ಎಲೆಗೂ ಇರುವ ವ್ಯತ್ಯಾಸ ಬೆಳಕಿನದೋ ನೀರಿನದೋ ಎಂಬುದು ಆ ಹೊತ್ತಿನ ಜೊತೆಗಾರ ಗುಂಪುಗಳಿಲ್ಲದೆ ತಿಳಿಯುವುದಿಲ್ಲ.

ಪ್ರೋಲೀನ್ ಅಳೆಯಲು 1973ರಲ್ಲಿ ಬೇಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೇ ಸಾಕು. 1.25 ಗ್ರಾಂ ನಿನ್‌ಹೈಡ್ರಿನ್ ಪುಡಿಯನ್ನು 30 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ ಮತ್ತು 20 ಮಿ.ಲೀ. 6 ಮೋಲಾರ್ ಫಾಸ್ಫಾರಿಕ್ ಆಮ್ಲದಲ್ಲಿ ಬೆಚ್ಚಗೆ ಮಾಡಿ ಕರಗಿಸಿಕೊಳ್ಳಬೇಕು. ತಂಪಿನಲ್ಲಿಟ್ಟರೆ ಇದು ಒಂದು ದಿನ ಬರುತ್ತದೆ. ಅರ್ಧ ಗ್ರಾಂ ಎಲೆಯನ್ನು ಶೇ. 3ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದ 10 ಮಿ.ಲೀ.ನಲ್ಲಿ ಅರೆದು ಸೋಸಿ, ಆ ಸೋಸಿದ ದ್ರವ 2 ಮಿ.ಲೀ., ನಿನ್‌ಹೈಡ್ರಿನ್ ದ್ರಾವಣ 2 ಮಿ.ಲೀ., ಗ್ಲೇಸಿಯಲ್ ಅಸಿಟಿಕ್ ಆಮ್ಲ 2 ಮಿ.ಲೀ. ಸೇರಿಸಿ ಕುದಿಯುವ ನೀರಿನಲ್ಲಿ ಒಂದು ಗಂಟೆ ಇಟ್ಟು, ಕೂಡಲೇ ಮಂಜುಗಡ್ಡೆಯಲ್ಲಿ ತಣಿಸಬೇಕು. 4 ಮಿ.ಲೀ. ಟಾಲ್ಯೂಯಿನ್ ಹಾಕಿ 15ರಿಂದ 20 ಸೆಕೆಂಡು ಜೋರಾಗಿ ಕುಲುಕಿ ನಿಲ್ಲಿಸಿದರೆ, ಪ್ರೋಲೀನ್ ಮತ್ತು ನಿನ್‌ಹೈಡ್ರಿನ್ ಸೇರಿ ಮೂಡಿದ ಕೆಂಪು ಬಣ್ಣವೆಲ್ಲ ಮೇಲಿನ ಟಾಲ್ಯೂಯಿನ್ ಪದರಕ್ಕೆ ಏರುತ್ತದೆ. ಬಾಡಿದ ರಾಗಿಯ ನಳಿಗೆಯಲ್ಲಿ ಅದು ಮಾಗಿದ ದಾಳಿಂಬೆಯ ರಸದಂತೆ ಕಂಡರೆ, ನೀರುಂಡ ರಾಗಿಯ ನಳಿಗೆಯಲ್ಲಿ ನಸುಗುಲಾಬಿ. ಆ ಪದರವನ್ನು 520 ನ್ಯಾನೋಮೀಟರಿನಲ್ಲಿ ಅಳೆದು, ಶುದ್ಧ ಪ್ರೋಲೀನಿನಿಂದ ಎಳೆದ ಮಾನಕ ರೇಖೆಗೆ ಹೋಲಿಸಬೇಕು. ಟಾಲ್ಯೂಯಿನ್ ಆವಿ ಒಳ್ಳೆಯದಲ್ಲ, ಹೊಗೆಗೂಡಿನ (ಫ್ಯೂಮ್ ಹುಡ್) ಒಳಗೇ ಕೆಲಸ ಮಾಡಿ. ನಿನ್‌ಹೈಡ್ರಿನ್ ಬೆರಳಿಗೆ ತಾಗಿದರೆ ನೇರಳೆ ಕಲೆ ದಿನಗಟ್ಟಲೆ ಉಳಿಯುತ್ತದೆ.

ಲೆಕ್ಕ ಹೀಗೆ: ಟಾಲ್ಯೂಯಿನ್ ಪದರದಲ್ಲಿ ಪ್ರತಿ ಮಿ.ಲೀ.ಗೆ 10 ಮೈಕ್ರೋಗ್ರಾಂ ಇದ್ದರೆ 4 ಮಿ.ಲೀ.ನಲ್ಲಿ 40, ಅದನ್ನು ಪ್ರೋಲೀನಿನ ಅಣುತೂಕ 115.13ರಿಂದ ಭಾಗಿಸಿದರೆ 0.347 ಮೈಕ್ರೋಮೋಲ್. ಅರ್ಧ ಗ್ರಾಂ ಎಲೆಯ 10 ಮಿ.ಲೀ.ನಲ್ಲಿ ನಾವು ಬಳಸಿದ್ದು 2 ಮಿ.ಲೀ. ಮಾತ್ರ, ಎಂದರೆ ಅದು ಬಂದದ್ದು 0.1 ಗ್ರಾಂ ಎಲೆಯಿಂದ, ಆದ್ದರಿಂದ ಗ್ರಾಂಗೆ 3.47 ಮೈಕ್ರೋಮೋಲ್.

ನಾವು ಮೊದಲ ವರ್ಷ ಎಡವಿದ್ದು ಇಲ್ಲಿಯೇ. ನೀರುಣಿಸಿದ ಗುಂಪಿನಲ್ಲಿ ಪ್ರೋಲೀನ್ ಅರ್ಧಕ್ಕಿಳಿದಿದೆ, ಕಿಣ್ವ ಎದ್ದಿದೆ ಎಂದು ಹಿಗ್ಗಿದೆವು. ಆಮೇಲೆ ನೋಡಿದರೆ ಇಳಿತದ ದೊಡ್ಡ ಪಾಲು ಬರೀ ನೀರಿನದಾಗಿತ್ತು. ಬಾಡಿದ ಎಲೆಯ ಒಂದು ಗ್ರಾಂನಲ್ಲಿ ಒಣಪದಾರ್ಥ 0.3 ಗ್ರಾಂ ಇದ್ದು, ನೀರು ಕುಡಿದ ಎಲೆಯಲ್ಲಿ ಅದು 0.15 ಆದರೆ, ಒಂದು ಅಣುವೂ ಒಡೆಯದೆ ಪ್ರೋಲೀನ್ ಅರ್ಧವಾದಂತೆ ಕಾಣುತ್ತದೆ. ಆದ್ದರಿಂದ ಅದೇ ಎಲೆಗಳ ಇನ್ನೊಂದು ಪಾಲನ್ನು 70 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಒಣತೂಕದ ಲೆಕ್ಕದಲ್ಲೇ ಫಲಿತಾಂಶ ಬರೆಯಬೇಕು.

ಒಣತೂಕದಲ್ಲೂ ಇಳಿದಿದ್ದರೆ ಕಿಣ್ವದ ಮೇಲೆ ಅನುಮಾನ ಗಟ್ಟಿಯಾಗುತ್ತದೆ, ರುಜುವಾತಾಗುವುದಿಲ್ಲ. ತಯಾರಿಕೆ ನಿಂತಿರಬಹುದು, ಪ್ರೋಲೀನ್ ಬೇರಿಗೆ ಸಾಗಿರಬಹುದು. ತಣ್ಣಗೆ ತಿರುಗುವ ಸೆಂಟ್ರಿಫ್ಯೂಜ್ ಇರುವ ಕಡೆ ಮೈಟೊಕಾಂಡ್ರಿಯವನ್ನು ಬೇರ್ಪಡಿಸಿ ಕಿಣ್ವವನ್ನೇ ನೇರವಾಗಿ ಪರೀಕ್ಷಿಸುವುದು ಮೇಲು. ಪಿಎಚ್ 10ರಲ್ಲಿ ಎನ್‌ಎಡಿ ಎಂಬ, ಎಲೆಕ್ಟ್ರಾನು ಹೊರುವ ಇನ್ನೊಂದು ಸಹಾಯಕ ಅಣುವನ್ನು ಬಳಸುವ ಹಳೆಯ ವಿಧಾನವನ್ನು ಬಿಡಿ. ಅಲ್ಲಿ ಕಾಣುವುದು ಪ್ರೋಲೀನ್ ತಯಾರಿಸುವ ಕಿಣ್ವದ ಹಿಮ್ಮುಖ ಕೆಲಸ. ಬದಲಿಗೆ, ಎಲೆಕ್ಟ್ರಾನು ಸೇರಿದಾಗ ಬಣ್ಣ ಕಳೆದುಕೊಳ್ಳುವ ಡಿಸಿಪಿಐಪಿ ಎಂಬ ನೀಲಿ ಬಣ್ಣದ ದ್ರಾವಣವನ್ನು ಬಳಸಿ 600 ನ್ಯಾನೋಮೀಟರಿನಲ್ಲಿ ಅದು ಮಾಸುವ ವೇಗ ನೋಡಬೇಕು. ಮೈಟೊಕಾಂಡ್ರಿಯದ ಬೇರೆ ಕಿಣ್ವಗಳೂ ಈ ನೀಲಿಯನ್ನು ಮಾಸಿಸುವುದರಿಂದ, ಪ್ರತಿ ಮಾದರಿಗೂ ಪ್ರೋಲೀನ್ ಹಾಕಿದ ಒಂದು ನಳಿಗೆ, ಹಾಕದ ಇನ್ನೊಂದು ನಳಿಗೆ ಇಡಬೇಕು; ಎರಡರ ವೇಗದ ಅಂತರವಷ್ಟೇ ಈ ಕಿಣ್ವದ ಲೆಕ್ಕಕ್ಕೆ ಸೇರುತ್ತದೆ.