ಹಲ್ಲಿನ ಸೆಟ್ಟಿನಡಿ ಫಂಗಸ್: ಲವಂಗದ ನೀರನ್ನು ಬಳಸುವುದು ಹೇಗೆ?

ಮನೆಯಲ್ಲಿ ಹಲ್ಲಿನ ಸೆಟ್ ಹಾಕಿಕೊಳ್ಳುವ ಹಿರಿಯರಿದ್ದಾರಾ? ಇವತ್ತು ರಾತ್ರಿ ಸೆಟ್ ತೆಗೆಸಿ, ಟಾರ್ಚ್ ಹಿಡಿದು ಅವರ ಅಂಗುಳ ನೋಡಿ. ಸೆಟ್ ಕೂರುವಷ್ಟು ಜಾಗ ಕೆಂಪಾಗಿದ್ದರೆ ಅಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಬೆಳೆದಿರಬಹುದು. ತುಟಿಯ ಮೂಲೆಗಳೂ ಬಿರಿದಿರಬಹುದು. ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ.

ಲವಂಗದಲ್ಲಿರುವ ಯೂಜೆನಾಲ್, ಓಮದಲ್ಲಿರುವ ಥೈಮಾಲ್ ಎಂಬ ಅಂಶಗಳು ಈ ಫಂಗಸ್‌ನ ಕೋಶಪೊರೆಯನ್ನು ಹಾಳು ಮಾಡುತ್ತವೆ. ಪ್ರಯೋಗಾಲಯದಲ್ಲಿ ಇದು ಕಂಡುಬಂದಿದೆ. ಆದರೆ ಅಲ್ಲಿ ಬಳಸುವುದು ಗಟ್ಟಿಯಾದ ಸಾರ ಇಲ್ಲವೇ ಎಣ್ಣೆ. ನಾವು ಕುದಿಸಿದ ನೀರಿಗೆ ಅದು ಇಳಿಯುವುದು ಸ್ವಲ್ಪವೇ. ಆದ್ದರಿಂದ ಲವಂಗದ ನೀರಿಗಿಂತ ಬ್ರಷ್ಷಿನ ಕೆಲಸವೇ ಜಾಸ್ತಿ ಮುಖ್ಯ.

ಮೊದಲು ಬೇಸಿನ್‌ಗೆ ನೀರು ತುಂಬಿಕೊಳ್ಳಿ; ಸೆಟ್ ಕೈಜಾರಿದರೂ ಒಡೆಯುವುದಿಲ್ಲ. ಮೃದು ಬ್ರಷ್, ಸಾದಾ ಸೋಪು ಹಾಕಿ ಒಳಮೈಯನ್ನೂ ಉಜ್ಜಿ, ಚೆನ್ನಾಗಿ ತೊಳೆಯಿರಿ. ಟೂತ್‌ಪೇಸ್ಟ್ ಬೇಡ, ಗೀರು ಬಿದ್ದ ಕಡೆ ಫಂಗಸ್ ಇನ್ನಷ್ಟು ಅಂಟಿಕೊಳ್ಳುತ್ತದೆ. ಬಿಸಿನೀರಿಗೆ ಸೆಟ್ ಸೊಟ್ಟಗಾಗುತ್ತದೆ.

ಆಮೇಲೆ ಒದ್ದೆ ಬಟ್ಟೆಯಿಂದ ಅಂಗುಳ, ವಸಡು, ನಾಲಿಗೆಯನ್ನು ಮೆಲ್ಲಗೆ ಒರೆಸಿ.

ಈಗ ಲವಂಗ. ನಾಲ್ಕೈದು ಲವಂಗ ಜಜ್ಜಿ, ಒಂದು ಲೋಟ ನೀರಿಗೆ ಹಾಕಿ ಕುದಿಸಿ, ಮುಚ್ಚಿಟ್ಟು ಪೂರ್ತಿ ಆರಿಸಿ, ಸೋಸಿ. ಬಾಯಿ ಮುಕ್ಕಳಿಸಿ ಉಗುಳಬೇಕು. ಉರಿ ಎನಿಸಿದರೆ ನಿಲ್ಲಿಸಿಬಿಡಿ. ಲವಂಗದ ಎಣ್ಣೆಯನ್ನು ಮಾತ್ರ ನೇರವಾಗಿ ಹಚ್ಚಲೇಬೇಡಿ, ಬಾಯಿ ಸುಟ್ಟುಹೋಗುತ್ತದೆ. ಟೀ ಟ್ರೀ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಅರಿಶಿನದ ನೀರಲ್ಲಿ ಸೆಟ್ ನೆನೆಸಿದರೆ ಹಳದಿ ಕಲೆ ಕೂರುತ್ತದೆ.

ರಾತ್ರಿ ಸೆಟ್ ತೆಗೆದು ತಣ್ಣೀರಲ್ಲಿಡಿ, ಬೆಳಿಗ್ಗೆ ಆ ನೀರು ಚೆಲ್ಲಿ. ಹಾಕಿಕೊಂಡೇ ಮಲಗುವ ಅಭ್ಯಾಸ ಇರುವವರು ಸುಮ್ನೆ ಒಪ್ಪುವುದಿಲ್ಲ, ಗೊತ್ತು. ಆದರೂ ಪ್ರೀತಿಯಿಂದ ಒಪ್ಪಿಸಿ. ಇಡೀ ಉಪಾಯದಲ್ಲಿ ಇದರಷ್ಟು ಉಪಯೋಗ ಬೇರೆ ಯಾವುದಕ್ಕೂ ಇಲ್ಲ.

ಒಂದೆರಡು ವಾರದಲ್ಲಿ ಕೆಂಪು ಇಳಿಯದಿದ್ದರೆ ದಂತವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು, ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರು ಕಾಯುವುದೇ ಬೇಡ. ನಿಸ್ಟಾಟಿನ್, ಕ್ಲೋಟ್ರಿಮಜೋಲ್‌ನಂಥ ಔಷಧಿ ಕೊಡುತ್ತಾರೆ. ರಕ್ತ ತೆಳುವಾಗಲು ವಾರ್ಫರಿನ್ ನುಂಗುತ್ತಿದ್ದರೆ ತಪ್ಪದೇ ಹೇಳಿ, ಫಂಗಸ್‌ಗೇ ಕೊಡುವ ಮೈಕೋನಜೋಲ್ ಜೆಲ್ ಅದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವಿದೆ. ಸೆಟ್ ಸಡಿಲವಾಗಿದ್ದರೆ ಅದನ್ನೂ ಆಗಲೇ ತೋರಿಸಿ.