ಸ್ಲೈಡಿನ ತಲೆಬರಹ ಪೂರ್ತಿ ವಾಕ್ಯವಾಗಿರಲಿ

ಕಾಫಿ ಖರೀದಿದಾರರಿಗೋ ಬ್ಯಾಂಕಿನವರಿಗೋ ಸ್ಲೈಡ್ ತೋರಿಸಲು ಚಿಕ್ಕಮಗಳೂರಿಗೆ ಹೊರಟವರು ಇದೊಂದು ಮಾಡಿ ನೋಡಿ: ತಲೆಬರಹದಲ್ಲಿ ವಿಷಯದ ಹೆಸರು ಬರೆಯಬೇಡಿ, ಹೇಳಬೇಕಾದ ಮಾತನ್ನೇ ಪೂರ್ತಿ ವಾಕ್ಯವಾಗಿ ಬರೆಯಿರಿ. ‘ಈ ವರ್ಷದ ಇಳುವರಿ’ ಅಂತ ಬೇಡ. ‘ಫೆಬ್ರವರಿ ಕೊನೆಗೆ 200 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕೊಡುತ್ತೇವೆ’ ಅಂತಿರಲಿ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜ). ಎದುರು ಕೂತವರ ಕಣ್ಣು ಮೊದಲು ಹೋಗುವುದು ಮೇಲಿನ ದಪ್ಪಕ್ಷರಕ್ಕೇ ಅಲ್ವಾ? ಫೋನ್ ನೋಡಿ ಈಗಷ್ಟೇ ತಲೆ ಎತ್ತಿದವರಿಗೂ ಮಾತು ತಪ್ಪುವುದಿಲ್ಲ. ವಾಕ್ಯವೇ ಹೊಳೆಯದಿದ್ದರೆ ಆ ಸ್ಲೈಡ್ ಸುಮ್ನೆ ಜಾಗ ತಿನ್ನುತ್ತಿದೆ, ತೆಗೆದುಬಿಡಿ. ಕೊನೆಗೆ ಪವರ್‌ಪಾಯಿಂಟ್‌ನ ವ್ಯೂ ಮೆನುವಿನಲ್ಲಿ ಔಟ್‌ಲೈನ್ ವ್ಯೂ ತೆರೆದು ತಲೆಬರಹಗಳನ್ನಷ್ಟೇ ಒಂದರ ಕೆಳಗೊಂದು ಓದಿ. ಅಷ್ಟರಲ್ಲೇ ಕಥೆ ಅರ್ಥವಾಗಬೇಕು. ಬೇರೆ ಟೆಕ್ಸ್ಟ್ ಬಾಕ್ಸ್ ಹಾಕಿ ಬರೆದ ತಲೆಬರಹ ಅಲ್ಲಿ ಕಾಣುವುದಿಲ್ಲ, ಹಾಗಾಗಿ ಟೈಟಲ್‌ಗೆಂದು ಕೊಟ್ಟ ಜಾಗದಲ್ಲೇ ಬರೆಯಿರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಆದ್ದರಿಂದ ವಾಕ್ಯ ಎರಡು ಸಾಲು ದಾಟಿದರೆ ಓದುವವರಿಗೆ ತಾಳ್ಮೆ ಇರುವುದಿಲ್ಲ. ಎಂಟು-ಒಂಬತ್ತು ಪದಕ್ಕೆ ನಿಲ್ಲಿಸಿ. ಎಲ್ಲ ಕಡೆಗೂ ಇದು ಸರಿಹೋಗುವುದಿಲ್ಲ. ಪಾಲುದಾರರ ಅಭಿಪ್ರಾಯ ಕೇಳಲು ಕೂತಾಗ ಮೊದಲೇ ತೀರ್ಮಾನ ಬರೆದಿಟ್ಟರೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ಲಿ ಪ್ರಶ್ನೆಯನ್ನೇ ತಲೆಬರಹ ಮಾಡಿ. ಹತ್ತಾರು ಸಾಲಿನ ದರಪಟ್ಟಿ, ಲೆಕ್ಕದ ಹಾಳೆ ಇದ್ದರೆ ಎಷ್ಟು ಒಳ್ಳೆಯ ವಾಕ್ಯವೂ ಅದನ್ನು ಉಳಿಸುವುದಿಲ್ಲ. ಅವನ್ನು ಪ್ರಿಂಟ್ ತೆಗೆದು ಕೈಗೆ ಕೊಡಿ.